ಎರಡನೇ ರೋಗಿ ಬಂದಾಗಲೇ ಬಾಟಲಿ ನೋಡಿ

ಒಂದೇ ವಾರ್ಡಿನ ಐವರ ರಕ್ತದಲ್ಲಿ ಇ. ಕೋಲಿ ಸಿಕ್ಕಿದರೆ ಅದಕ್ಕೆ ಐದು ಬೇರೆ ಬೇರೆ ಕಾರಣಗಳಿರಬಹುದು. ಅದು ನಮ್ಮೆಲ್ಲರ ಕರುಳಿನಲ್ಲೇ ಇರುವ ಬ್ಯಾಕ್ಟೀರಿಯಾ. ಆದರೆ ಇಬ್ಬರ ರಕ್ತದಲ್ಲಿ ಬರ್ಕೋಲ್ಡೇರಿಯಾ ಸೆಪೇಸಿಯಾ ಸಿಕ್ಕಿದರೆ? ಆಗ ಅವರಿಗೆ ಏರಿಸಿದ ಸಲೈನ್, ಕೊಟ್ಟ ಇಂಜೆಕ್ಷನ್, ಚರ್ಮ ಒರೆಸಿದ ದ್ರಾವಣ ಎಲ್ಲದರ ಮೇಲೂ ಸಂಶಯ ಪಡಬೇಕು. ಅಪರೂಪದ ರೋಗಾಣುವಿನಿಂದ ಆಗುವ ಒಂದೇ ಉಪಕಾರ ಇದು: ಸೋಂಕು ಎಲ್ಲಿಂದ ಬಂತೆಂಬುದಕ್ಕೆ ಅದೇ ಸುಳಿವು ಕೊಡುತ್ತದೆ. ನಮ್ಮ ಆಸ್ಪತ್ರೆಗಳು ಈ ಸುಳಿವನ್ನು ಬಳಸಿಕೊಳ್ಳುವುದು ಕಡಿಮೆ.

ಅಮೆರಿಕದ ಸಸ್ಯರೋಗ ತಜ್ಞ ವಾಲ್ಟರ್ ಬರ್ಕೋಲ್ಡರ್ 1950ರಲ್ಲಿ ಈ ಬ್ಯಾಕ್ಟೀರಿಯಾವನ್ನು ಗುರುತಿಸಿದ್ದು ಕೊಳೆತ ಈರುಳ್ಳಿಯಲ್ಲಿ. ಮಣ್ಣು, ನೀರು ಅದರ ನೆಲೆ. ಆರೋಗ್ಯವಂತರಿಗೆ ಸಾಮಾನ್ಯವಾಗಿ ಏನೂ ಮಾಡದು. ಆದರೆ ಪೋಷಕಾಂಶ ಇಲ್ಲವೆನ್ನುವಷ್ಟು ಕಡಿಮೆ ಇರುವ ನೀರಿನಲ್ಲೂ ಬೆಳೆಯುತ್ತದೆ, ಕೆಲವು ಆ್ಯಂಟಿಸೆಪ್ಟಿಕ್ ದ್ರಾವಣಗಳಲ್ಲೂ ಬದುಕುತ್ತದೆ. ರೋಗಾಣು ಕೊಲ್ಲಲು ಇಟ್ಟ ಬಾಟಲಿಯೇ ರೋಗಾಣುವಿನ ಮನೆಯಾಗುವುದು ಹೀಗೆ. ಮುಂಬೈನ ಆಸ್ಪತ್ರೆಯೊಂದರ ಕೀಮೋಥೆರಪಿ ಡೇ ಕೇರ್ ವಿಭಾಗದಲ್ಲಿ ಕ್ಯಾನ್ಸರ್ ರೋಗಿಗಳಿಗೆ ಈ ಸೋಂಕು ತಗುಲಿದಾಗ ಮೂಲ ಪತ್ತೆಯಾದದ್ದು ವಾಂತಿ ತಡೆಯುವ ಇಂಜೆಕ್ಷನ್‌ನಲ್ಲಿ. ಔಷಧ ಆಸ್ಪತ್ರೆಗೆ ಬರುವಾಗಲೇ ಕಲುಷಿತವಾಗಿತ್ತು. 2015ರಲ್ಲಿ ಪ್ರಕಟವಾದ ಈ ವರದಿ ಓದಿದ ಮೇಲೂ ದಾದಿಯರ ಕೈತೊಳೆತವನ್ನಷ್ಟೇ ದೂರುತ್ತ ಕೂರುವುದು ಅನ್ಯಾಯ.

ಹುಡುಕಿದರೆ ಮೂಲ ಸಿಕ್ಕೇ ಸಿಗುತ್ತದೆ ಎಂದೇನೂ ಇಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 2015ರ ಕೊನೆಯಿಂದ 2016ರವರೆಗೆ ಎಲಿಜಬೆತ್‌ಕಿಂಗಿಯಾ ಅನಾಫೆಲಿಸ್ ಎಂಬ ಬ್ಯಾಕ್ಟೀರಿಯಾ 63 ಮಂದಿಗೆ ತಗುಲಿತು. ಅವರಲ್ಲಿ 18 ಮಂದಿ ಸತ್ತರು. ಹೆಚ್ಚಿನವರು ಮೊದಲೇ ಕಾಯಿಲೆಯಿಂದ ಬಳಲುತ್ತಿದ್ದ ವೃದ್ಧರು. ನೀರು, ಔಷಧ, ಆಹಾರ ಎಲ್ಲವನ್ನೂ ಜಾಲಾಡಿದರೂ ಮೂಲ ಸಿಗಲಿಲ್ಲ. ಆದರೆ ಇವೆಲ್ಲ ಒಂದೇ ತಳಿಯ ಸೋಂಕು ಎಂಬುದಾದರೂ ಖಚಿತವಾಯಿತು. ರಕ್ತದ ಕಲ್ಚರ್ ಮಾಡಿದ್ದರಿಂದ, ಮಾದರಿಗಳನ್ನು ಎಸೆಯದೆ ಇಟ್ಟಿದ್ದರಿಂದ ಅಷ್ಟು ಸಾಧ್ಯವಾಯಿತು.

ನಮ್ಮಲ್ಲಿ ಎಡವುವುದು ಅಲ್ಲೇ. ಜ್ವರ ಬಂದ ಕೂಡಲೇ ಆ್ಯಂಟಿಬಯಾಟಿಕ್ ಏರಿಸುತ್ತಾರೆ, ಕಲ್ಚರ್‌ಗೆ ರಕ್ತ ತೆಗೆಯುವುದು ಆಮೇಲೆ; ಅಷ್ಟರಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ಸ್ಥಿತಿಯಲ್ಲೇ ಇರುವುದಿಲ್ಲ. ಬೆಳೆದರೂ ಸಣ್ಣ ಲ್ಯಾಬಿನ ವರದಿ ‘ಸ್ಯೂಡೊಮೋನಾಸ್ ಜಾತಿ’ ಎಂಬಲ್ಲಿಗೆ ನಿಲ್ಲಬಹುದು, ಇಲ್ಲವೇ ಮಾದರಿ ತೆಗೆಯುವಾಗ ಸೇರಿದ ಕಲ್ಮಶವೆಂದು ಬದಿಗೆ ಸರಿಯಬಹುದು. ಇದು ಬರೀ ತನಿಖೆಯ ಪ್ರಶ್ನೆಯೂ ಅಲ್ಲ. ಕೊನೆಯ ಅಸ್ತ್ರವೆಂದು ಕಾದಿರಿಸಿದ ಕಾರ್ಬಪೆನೆಮ್, ಕೊಲಿಸ್ಟಿನ್ ಔಷಧಗಳಿಗೆ ಎಲಿಜಬೆತ್‌ಕಿಂಗಿಯಾ ಸಾಮಾನ್ಯವಾಗಿ ಬಗ್ಗುವುದಿಲ್ಲ. ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ.

ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ಬಾಣಂತಿಯರು ಸತ್ತಾಗ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂಶಯ ಎದ್ದಿತು. ಅದನ್ನು ಈ ಸೋಂಕುಗಳ ಜೊತೆ ಸೇರಿಸಿ ನೋಡಬೇಕಿಲ್ಲ. ಆದರೆ ಬಾಟಲಿಯ ಮೇಲೆ ಎಲ್ಲರ ಗಮನ ಹರಿದದ್ದು ಸಾವುಗಳಾದ ಮೇಲೆ. ಅಪರೂಪದ ಒಂದೇ ಬ್ಯಾಕ್ಟೀರಿಯಾ ಇಬ್ಬರ ರಕ್ತದಲ್ಲಿ ಕಂಡರೆ ಅದೇ ದಿನ ಔಷಧ ನಿಯಂತ್ರಣ ಇಲಾಖೆಗೆ ತಿಳಿಸುವುದು, ಅದೇ ಬ್ಯಾಚಿನ ಒಡೆಯದ ಬಾಟಲಿಗಳನ್ನು ಪರೀಕ್ಷೆಗೆ ಕಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಆಸ್ಪತ್ರೆಗಳಿಗೂ ಕಡ್ಡಾಯವಾಗಲಿ. ಸುದ್ದಿ ಕೊಟ್ಟ ಆಸ್ಪತ್ರೆಯನ್ನೇ ಮೊದಲು ಆರೋಪಿಯ ಸ್ಥಾನದಲ್ಲಿ ನಿಲ್ಲಿಸುವ ಚಾಳಿ ಬಿಡದಿದ್ದರೆ ಮಾತ್ರ ಯಾರೂ ಬಾಯಿ ಬಿಡಲಾರರು.