ಊರ ಮಕ್ಕಳ ತಂಡಕ್ಕೆ ಊರ ದುಡ್ಡೇ ಸಾಕು

ಪೋಷಕರಲ್ಲಿ, ಯುವಕ ಸಂಘದ ಗೆಳೆಯರಲ್ಲಿ, ಹಳೆಯ ಆಟಗಾರರಲ್ಲಿ ಒಂದು ಮನವಿ



ಹಬ್ಬ, ಜಾತ್ರೆ, ಜಯಂತಿ, ನೆಪ ಯಾವುದೇ ಇರಲಿ, ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ಅಂದರೆ ನಮ್ಮ ಊರುಗಳಲ್ಲಿ ದುಡ್ಡು ತಾನಾಗಿ ಹೊರಡುತ್ತದೆ. ಲೈಟು, ಮೈಕು, ಪೆಂಡಾಲು, ರಸ್ತೆಯುದ್ದಕ್ಕೂ ಫ್ಲೆಕ್ಸು. ಪ್ರಥಮ ಬಹುಮಾನಕ್ಕೊಬ್ಬರು, ದ್ವಿತೀಯಕ್ಕೊಬ್ಬರು, ಆಳೆತ್ತರದ ಟ್ರೋಫಿಗೆ ಇನ್ನೊಬ್ಬರು. ಬೆಳಗಾಗುವಷ್ಟರಲ್ಲಿ ಅಷ್ಟೂ ಕರಗಿರುತ್ತದೆ. ನಗದು ಬಹುಮಾನ ಎಷ್ಟೋ ಸಲ ಹೊರಗಿನಿಂದ ಬಂದ ತಂಡದ ಪಾಲು. ಮರುದಿನ ಸಂಜೆ ಅದೇ ಬಯಲಿಗೆ ಅಭ್ಯಾಸಕ್ಕೆ ಬರುವ ನಮ್ಮ ಮಕ್ಕಳ ಕಾಲಿಗೆ ಬೂಟಿಲ್ಲ.

ಪಂದ್ಯಾವಳಿ ನಿಲ್ಲಿಸಿ ಎಂದು ನಾವು ಹೇಳುತ್ತಿಲ್ಲ. ಊರಲ್ಲಿ ಎತ್ತಿದ ಹಣದ ಮೊದಲ ಪಾಲು ಊರಿನ ಎಳೆಯರ ವರ್ಷಪೂರ್ತಿ ಅಭ್ಯಾಸಕ್ಕೆ ಸಲ್ಲಬೇಕು, ಆ ಹಣ ಮನೆಮನೆಯಿಂದ ಸ್ವಲ್ಪ ಸ್ವಲ್ಪವಾಗಿ ಬರಬೇಕು. ನಮ್ಮ ವಾದ ಇಷ್ಟೇ.

ಮಣ್ಣಿನಲ್ಲಿ ಆಡಿ ಬೆಳೆದ ಕಬಡ್ಡಿ ಹುಡುಗರು ತಾಲ್ಲೂಕು ಗೆಲ್ಲುತ್ತಾರೆ, ಜಿಲ್ಲೆಯನ್ನೂ ಗೆಲ್ಲುತ್ತಾರೆ. ಅದರ ಮೇಲಿನ ಹಂತದಲ್ಲಿ ಮ್ಯಾಟ್ ಹಾಸಿರುತ್ತದೆ. ಮ್ಯಾಟಿನ ಮೇಲೆ ಬರಿಗಾಲು ಹಿಡಿತ ತಪ್ಪುತ್ತದೆ, ಮಂಡಿಯ ಚರ್ಮ ಕಿತ್ತು ಬರುತ್ತದೆ, ಹಿಂದೆ ಸರಿಯುವಾಗ ಪಾದ ಎಲ್ಲಿ ನಿಲ್ಲುತ್ತದೆ ಎಂಬ ಅಂದಾಜೇ ಸಿಗುವುದಿಲ್ಲ. ಮೊದಲ ಐದು ನಿಮಿಷದಲ್ಲೇ ಆಟ ಕೈತಪ್ಪಿರುತ್ತದೆ. ಆ ಹುಡುಗರಲ್ಲಿ ಕಸುವು ಕಡಿಮೆಯಿರಲಿಲ್ಲ, ಕಡಿಮೆಯಿದ್ದದ್ದು ಬೂಟು, ಮಂಡಿಪಟ್ಟಿ ಮತ್ತು ತಿಂಗಳಿಗೆ ನಾಲ್ಕು ಸಲ ಮ್ಯಾಟಿರುವ ಊರಿಗೆ ಹೋಗಿಬರುವ ಬಸ್ ಚಾರ್ಜು. ಇಂಥ ಖರ್ಚನ್ನು ಇವತ್ತಿಗೂ ಎಷ್ಟೋ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರು ತಮ್ಮ ಸಂಬಳದಿಂದ ತೂಗಿಸುತ್ತಾರೆ. ಅದು ಊರಿಗೆ ಶೋಭೆಯಲ್ಲ.

ಯಾರಾದರೂ ದೊಡ್ಡವರನ್ನು ಕೇಳಿದರೆ ಆಯಿತಲ್ಲ ಎನ್ನುವವರಿದ್ದಾರೆ. ಕೇಳಿದರೆ ಕೊಡುತ್ತಾರೆ, ಅದೂ ಚುನಾವಣೆ ಹತ್ತಿರವಿದ್ದರೆ ಕೇಳುವ ಮೊದಲೇ ಕೊಡುತ್ತಾರೆ. ಜೆರ್ಸಿಯ ಎದೆ ಮೇಲೆ ಅವರ ಭಾವಚಿತ್ರ ಬರುತ್ತದೆ, ತಂಡ ಅವರ ತಂಡವಾಗುತ್ತದೆ, ಇನ್ನೊಂದು ಪಕ್ಷದವರ ಮಕ್ಕಳು ಮೆಲ್ಲಗೆ ಆಟ ಬಿಡುತ್ತಾರೆ. ಮುಂದಿನ ವರ್ಷ ಅವರು ಕೊಡದಿದ್ದರೆ ತಂಡವೇ ಇಲ್ಲ. ಗುಟ್ಕಾ, ತಂಬಾಕು, ಸಾರಾಯಿಯವರ ದುಡ್ಡಂತೂ ಮಕ್ಕಳ ಹತ್ತಿರಕ್ಕೂ ಬರಬಾರದು. ತಂಬಾಕಿನ ಜಾಹೀರಾತಿಗೆ 2003ರ ಕಾನೂನೇ ಅಡ್ಡ ನಿಂತಿದೆ. ಲಕ್ಕಿ ಡಿಪ್ ಚೀಟಿಯೂ ಬೇಡ. ಲಾಟರಿಯಿಂದ ಮನೆಗಳು ಹಾಳಾದದ್ದನ್ನು ಕಂಡೇ ನಮ್ಮ ರಾಜ್ಯ 2007ರಲ್ಲಿ ಅದನ್ನು ನಿಲ್ಲಿಸಿತು. ಮಕ್ಕಳ ಕೈಗೆ ಹಗ್ಗ ಕೊಟ್ಟು ರಸ್ತೆಯಲ್ಲಿ ಗಾಡಿ ತಡೆದು ಚಂದಾ ಎತ್ತಿಸುವುದು ಇನ್ನೂ ಕೆಟ್ಟದ್ದು. ಎತ್ತುವುದಿದ್ದರೆ ಹಿರಿಯರು ಎತ್ತಬೇಕು, ರಸೀದಿ ಕೊಟ್ಟು ಎತ್ತಬೇಕು.

ಹಾಗಾದರೆ ದುಡ್ಡು ಎಲ್ಲಿಂದ? ಊರಿನ ದುಡಿಮೆ ಕೈಗೆ ಬರುವ ಹೊತ್ತು ಯಾವುದೋ ಅದನ್ನು ನೋಡಿ ಕೇಳಬೇಕು. ರಾಶಿ ಮಾಡಿದಾಗ ಬಡಿಗ, ಕಮ್ಮಾರರಿಗೆ ಆಯ ಕೊಟ್ಟ ನಾಡು ನಮ್ಮದು. ಸುಗ್ಗಿಯಲ್ಲಿ ಮನೆಗೆ ಎರಡು ಸೇರು ಜೋಳವೋ ರಾಗಿಯೋ ಭತ್ತವೋ ಮಕ್ಕಳ ತಂಡಕ್ಕೆಂದು ತೆಗೆದಿಟ್ಟರೆ ಯಾರ ಕಣಜವೂ ಬರಿದಾಗುವುದಿಲ್ಲ. ಎಲ್ಲವನ್ನೂ ಒಟ್ಟು ಸೇರಿಸಿ ಮಂಡಿಗೆ ಹಾಕಿದರೆ ವರ್ಷದ ಬೂಟು, ಜೆರ್ಸಿಯ ಖರ್ಚಿಗೆ ದೊಡ್ಡ ಆಸರೆ. ಹಾಲಿನ ಡೇರಿ ಇರುವ ಊರಲ್ಲಿ ಬಟವಾಡೆಯ ದಿನ ಡಬ್ಬಿಯೊಂದನ್ನು ಇಡಿ. ಒತ್ತಾಯ ಬೇಡ, ಕೊಟ್ಟವರ ಹೆಸರು ಪುಸ್ತಕದಲ್ಲಿ ಬರೆದುಕೊಳ್ಳಿ. ಮುನ್ನೂರು ಮನೆಯ ಊರಲ್ಲಿ ಮನೆಗೆ ತಿಂಗಳಿಗೆ 20 ರೂಪಾಯಿ ಬಂದರೆ ವರ್ಷಕ್ಕೆ 72,000 ರೂಪಾಯಿ. ಅರ್ಧ ಊರು ಕೊಟ್ಟರೂ 36,000.

ಗಣೇಶನನ್ನು ಬಿಡುವ ದಿನ ಲಾಡು, ತೆಂಗಿನಕಾಯಿ ಸವಾಲು ಕೂಗುವ ರೂಢಿ ಅನೇಕ ಕಡೆ ಇದೆ. ಅದರಲ್ಲೊಂದು ಸವಾಲು ಮಕ್ಕಳ ತಂಡದ ಹೆಸರಲ್ಲಿ ನಡೆಯಲಿ. ಜಾತ್ರೆಯಲ್ಲಿ ತಾಯಂದಿರೂ ಹಳೆಯ ಆಟಗಾರರೂ ಸೇರಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಅಂಗಡಿ ಹಾಕಬಹುದು. ಊರಲ್ಲಿ ಕಲಾವಿದರಿದ್ದರೆ ಸಹಾಯಾರ್ಥ ನಾಟಕವೋ ಬಯಲಾಟವೋ ಆಗಬಹುದು. ಹಳೇ ಪೇಪರು, ಗುಜರಿ ಸಂಗ್ರಹವೂ ಆದೀತು, ಆದರೆ ಅದರಿಂದ ಹುಟ್ಟುವುದು ಬಾಲು, ಸುಣ್ಣದ ಪುಡಿಯಷ್ಟಕ್ಕೆ ಮಾತ್ರ. ಬೆಂಗಳೂರು, ಮುಂಬೈ, ದುಬೈ ಸೇರಿದ ಊರಿನವರನ್ನು ಕೇಳುವಾಗ ಸುಮ್ಮನೆ ‘ಸಹಾಯ ಮಾಡಿ’ ಅನ್ನಬೇಡಿ. ‘ಹನ್ನೆರಡು ಜೊತೆ ಬೂಟು ಬೇಕು, ಅಳತೆ ಇಂತಿಷ್ಟು’ ಅನ್ನಿ. ಬೇಗ ಬರುತ್ತದೆ.

ಹೆಣ್ಣುಮಕ್ಕಳ ವಿಷಯ ಬಿಡಿಸಿ ಹೇಳಲೇಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಆಡಿದರು. ಹಳ್ಳಿಯ ಅಂಗಳದ ಆಟ ಅಲ್ಲಿಯವರೆಗೂ ಹೋಗುತ್ತದೆ. ಆದರೂ ಚಂದಾ ಎತ್ತಿದಾಗ ಹುಡುಗಿಯರ ತಂಡಕ್ಕೆ ಕೊನೆಗೆ ಉಳಿದದ್ದು ಸಿಗುತ್ತದೆ. ‘ಕಳಿಸಲು ದುಡ್ಡಿಲ್ಲ’ ಎಂಬ ಮಾತು ಈಗ ನಡೆಯದು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಅವರಿಗೂ, ಜೊತೆಗೆ ಹೋಗುವ ಟೀಚರಮ್ಮನಿಗೂ ಟಿಕೆಟ್ ಖರ್ಚಿಲ್ಲ. ಊಟ, ವಸತಿ, ಬೂಟು ಇಷ್ಟೇ ಉಳಿದದ್ದು. ಬಂದ ಹಣದಲ್ಲಿ ಸಮಪಾಲು ಅವರಿಗೆ ಮೊದಲೇ ಬರೆದಿಡಿ.

ಸರದಿಯ ಮೇಲೆ ಹೊಣೆ ಹೊರುವುದು ಹೇಗೆಂದು ಕೊಡಗಿನವರನ್ನು ನೋಡಿ ಕಲಿಯಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿಗೆ ಆಗ ಬಂದದ್ದು 60 ಕುಟುಂಬಗಳ ತಂಡ. ವರ್ಷಕ್ಕೊಂದು ಕುಟುಂಬ ಪೂರ್ತಿ ಜವಾಬ್ದಾರಿ ಹೊತ್ತು ನಡೆಸುತ್ತಾ ಬಂದು, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಆಡಿದವು, ಗಿನ್ನೆಸ್ ದಾಖಲೆಯೂ ಆಯಿತು. ಅಲ್ಲಿ ಆತಿಥ್ಯ ವಹಿಸುವುದೇ ಒಂದು ಗೌರವ. ನಮ್ಮ ಊರಲ್ಲೂ ಈ ವರ್ಷ ಮೇಲಿನ ಕೇರಿ, ಮುಂದಿನ ವರ್ಷ ಕೆಳಗಿನ ಕೇರಿ ಎಂದು ಮಕ್ಕಳ ತಂಡದ ಹೊಣೆ ಹೊರಬಹುದು.

ಇನ್ನು ಲೆಕ್ಕ. ಜನ ಕೊಡದಿರುವುದಕ್ಕೆ ಬಡತನ ಒಂದು ಕಾರಣವಾದರೆ ಹಿಂದೆ ಕೊಟ್ಟದ್ದು ಏನಾಯಿತೆಂದು ತಿಳಿಯದಿರುವುದು ಹತ್ತು ಕಾರಣ. ಏಳು ಮಂದಿ ಸೇರಿದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಬಹುದು. ಆ ಏಳು ಮಂದಿಯಲ್ಲಿ ತಾಯಂದಿರು ಇರಲಿ. ಬ್ಯಾಂಕಿನಲ್ಲಿ ಜಂಟಿ ಖಾತೆ ಇರಲಿ, ಒಬ್ಬರ ಫೋನಿನ ಕ್ಯೂಆರ್ ಕೋಡಿಗೆ ಊರಿನ ದುಡ್ಡು ಹೋಗುವುದು ಬೇಡ. ತಿಂಗಳ ಜಮಾ-ಖರ್ಚನ್ನು ಡೇರಿಯ ಗೋಡೆಗೋ ಪಂಚಾಯಿತಿ ಬೋರ್ಡಿಗೋ ಅಂಟಿಸಿ. ಲೆಕ್ಕಪತ್ರ ಸರಿಯಿದ್ದ ಸಂಘಕ್ಕೆ ಮುಂದೆ ಕಂಪನಿಗಳ ಬಾಗಿಲೂ ತೆರೆಯುತ್ತದೆ. 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು, ಗ್ರಾಮೀಣ ಕ್ರೀಡೆಯ ತರಬೇತಿ ಆ ಪಟ್ಟಿಯಲ್ಲಿದೆ. ಮ್ಯಾಟಿನಂಥ ದೊಡ್ಡ ಖರ್ಚಿಗೆ ಅಲ್ಲಿ ಅರ್ಜಿ ಹಾಕಿ.

ಈ ಕರಪತ್ರ ಓದಿದ ಮೇಲೆ ಪಕ್ಕದ ಮನೆಗೆ ಕೊಡಿ. ಬರುವ ಗ್ರಾಮಸಭೆಯಲ್ಲಿ ಎದ್ದು ನಿಂತು ಮಕ್ಕಳ ತಂಡದ ಮಾತೆತ್ತಿ, ಏಳು ಮಂದಿಯ ಹೆಸರು ಅಲ್ಲೇ ಬರೆಸಿ, ಮೊದಲ ನೂರು ರೂಪಾಯಿ ನೀವೇ ಕೊಟ್ಟು ರಸೀದಿ ಪಡೆಯಿರಿ.