ಕಾಗದಕ್ಕೂ ಒಂದು ಹದ ಇದೆ

ಬಿತ್ತನೆಗೆ ಹದ ಅಂತ ಒಂದಿದೆ. ಅದು ತಪ್ಪಿದ ಮೇಲೆ ಬೀಜ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ಸರ್ಕಾರಿ ಕಾಗದದ ಕಥೆಯೂ ಅಷ್ಟೇ. ಮಡಕಶಿರಾ ಸೀಮೆಯ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ; ಕಚೇರಿಗಳಿಗೆ ಹೇಳಬೇಕಾಗಿದೆ.

ನಮ್ಮೂರಲ್ಲಿ ಮನೆಮಾತು ಕನ್ನಡ, ಕಚೇರಿ ಮಾತು ತೆಲುಗು. ಎರಡರಲ್ಲೂ ನಾಲ್ಕು ಸಾಲು ಬರೆಯುವವನೆಂದು ಊರವರ ಅರ್ಜಿಗಳೆಲ್ಲ ನನ್ನ ಜಗಲಿಗೇ ಬರುತ್ತವೆ. ಪಕ್ಕದ ಹೊಲದ ಅಕ್ಕನ ಗಂಡ ತೀರಿಕೊಂಡ ಮೇಲೆ ಪಾಸ್‌ಬುಕ್ಕು ಆಕೆಯ ಹೆಸರಿಗೆ ಆಗಬೇಕಿತ್ತು. ಅದಿಲ್ಲದೆ ಬೆಳೆಸಾಲ ಹುಟ್ಟುವುದಿಲ್ಲ. ಕೊಟ್ಟ ಅರ್ಜಿ ಯಾರ ಮೇಜಿನ ಮೇಲಿದೆ ಎಂದು ಮಾಹಿತಿ ಹಕ್ಕಿನಡಿ ಕೇಳಿ ತೆಲುಗಿನಲ್ಲಿ ಬರೆದುಕೊಟ್ಟೆ. ತಿಂಗಳಾಯಿತು, ಮೇಲ್ಮನವಿಯೂ ಆಯಿತು. ಕಡ್ಲೆಕಾಯಿ ಬಿತ್ತುವ ಕಾಲ ಕಳೆದ ಮೇಲೆ ಒಂದು ಸಾಲಿನ ಉತ್ತರ ಬಂತು: ‘ಪರಿಶೀಲನೆಯಲ್ಲಿದೆ.’ "ಇಷ್ಟು ಹೇಳೋಕೆ ಇಷ್ಟು ದಿನ ಬೇಕಾಯ್ತೇನಪ್ಪಾ?" ಅಂದರು ಅಕ್ಕ.

2005ರ ಕಾಯ್ದೆ ಲೆಕ್ಕ ಸರಿಯಾಗಿಯೇ ಇಟ್ಟಿದೆ. ಉತ್ತರಕ್ಕೆ 30 ದಿನ; ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಮೊದಲ ಮೇಲ್ಮನವಿಗೆ 30 ದಿನ, ಹೆಚ್ಚೆಂದರೆ 45. ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ. ಆದರೆ ಎರಡನೇ ಮೇಲ್ಮನವಿ ಆಯೋಗಕ್ಕೆ ಹೋದರೆ ಅಲ್ಲಿ ಗಡುವೇ ಇಲ್ಲ. ಕಟ್ಟೆ ಒಡೆದಿರುವುದು ಇಲ್ಲೇ.

ಕೋರ್ಟುಗಳಿಗೂ ಇದು ತಿಳಿಯದ ಸಂಗತಿಯಲ್ಲ. ಎರಡನೇ ಮೇಲ್ಮನವಿಯನ್ನು 45 ದಿನದಲ್ಲಿ ಮುಗಿಸಬೇಕೆಂದು ಕಲ್ಕತ್ತಾ ಹೈಕೋರ್ಟು 2010ರಲ್ಲಿ ಹೇಳಿತು. ಆಯೋಗಗಳ ಖಾಲಿ ಹುದ್ದೆಗಳನ್ನು ಸಕಾಲದಲ್ಲಿ ತುಂಬಬೇಕೆಂದು ಸುಪ್ರೀಂ ಕೋರ್ಟು 2019ರ ಫೆಬ್ರವರಿಯಲ್ಲಿ ಆದೇಶಿಸಿತು. 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟು, ಹುದ್ದೆ ತುಂಬದಿದ್ದರೆ ಕಾಯ್ದೆ ಬರೀ ಸತ್ತ ಅಕ್ಷರವಾಗುತ್ತದೆ ಎಂದು ಎಚ್ಚರಿಸಬೇಕಾಯಿತು.

ಹಾಗಾದರೆ ನಾವೂ ಕೋರ್ಟಿಗೆ ಹೋಗಬಹುದಲ್ಲ? ಊರ ಹತ್ತಿರದ ಸಿವಿಲ್ ಕೋರ್ಟಿಗೆ ಈ ತಕರಾರು ಒಯ್ಯಲು ಕಾಯ್ದೆ ಬಿಡುವುದಿಲ್ಲ. ಹೈಕೋರ್ಟಿಗೇ ಹೋಗಬೇಕು. ಬೆಂಗಳೂರು ನಮಗೆ ಹತ್ತಿರ, ಆದರೆ ಅದು ನಮ್ಮ ಹೈಕೋರ್ಟಲ್ಲ. ನಮ್ಮದು 2019ರ ಜನವರಿಯಿಂದ ದೂರದ ಅಮರಾವತಿಯಲ್ಲಿದೆ. ಒಂದು ಕಾಗದಕ್ಕಾಗಿ ವಕೀಲರ ಫೀಜು, ಬಸ್ ಚಾರ್ಜು ಕೊಟ್ಟು ಅಲ್ಲಿಗೆ ಹೋಗುವ ರೈತ ಯಾರು? ಹೋದರೂ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಸಿಬ್ಬಂದಿ ಕಡಿಮೆ, ಅರ್ಜಿ ಜಾಸ್ತಿ ಎನ್ನುತ್ತಾರೆ. ಇರಬಹುದು. ಆದರೆ ಕೇಳುವ ಮೊದಲೇ ಮಾಹಿತಿ ಪ್ರಕಟಿಸಬೇಕು, ಅದರಲ್ಲಿ ಸ್ಥಳೀಯ ಭಾಷೆಯನ್ನು ಗಮನಿಸಬೇಕು ಎಂದು ಅದೇ ಕಾಯ್ದೆಯ 4ನೇ ಕಲಮು ಹೇಳುತ್ತದೆ. ಯಾವ ಅರ್ಜಿ ಎಲ್ಲಿಗೆ ಬಂದಿದೆ ಎಂಬ ಪಟ್ಟಿಯನ್ನು ತಿಂಗಳಿಗೊಮ್ಮೆ ತೆಲುಗು, ಕನ್ನಡ ಎರಡರಲ್ಲೂ ಕಚೇರಿ ಗೋಡೆಗೆ ಅಂಟಿಸಲಿ. ಅರ್ಧ ಅರ್ಜಿಗಳು ಹುಟ್ಟುವುದೇ ಇಲ್ಲ.

ನಾವು ಕೇಳುವುದು ಎರಡೇ ಮಾತು. ಆಯೋಗಕ್ಕೂ ಕಾಯ್ದೆಯಲ್ಲೇ ಗಡುವು ಬರೆಯಿರಿ. ಬರೆದಿರುವ ದಂಡವನ್ನು ವಸೂಲು ಮಾಡಿರಿ. ಕೊಡುವುದಿಲ್ಲ ಎಂದು ನೇರವಾಗಿ ಹೇಳಿದರೆ ಜಗಳವಾದರೂ ಆಡಬಹುದು. ಉತ್ತರವೇ ಬಾರದಿದ್ದರೆ ಯಾರ ಹತ್ತಿರ ಜಗಳ ಆಡೋದು?