ಮುಚ್ಚಿದ ಬಾಗಿಲಿನ ಶಿಸ್ತು

ತಡವಾಗಿ ಬಂದ ವಿದ್ಯಾರ್ಥಿಯನ್ನು ತರಗತಿಯ ಹೊರಗೆ ನಿಲ್ಲಿಸುವುದೇ ಶಿಸ್ತು ಎಂದು ನಂಬಿರುವ ಮೇಷ್ಟರುಗಳು ನಮ್ಮಲ್ಲಿ ಬಹಳ. ಹತ್ತು ನಿಮಿಷದ ಪಾಠ ತಪ್ಪಿದವನಿಗೆ ಉಳಿದದ್ದನ್ನೂ ತಪ್ಪಿಸುವುದು ಶಿಕ್ಷೆಯಂತೆ! ಪಂಕ್ತಿಗೆ ತಡವಾಗಿ ಬಂದವನ ಎಲೆಯನ್ನೇ ಎತ್ತಿಬಿಟ್ಟರೆ ಅವನು ಕಲಿಯುವುದು ಸಮಯಪಾಲನೆಯನ್ನಲ್ಲ, ಉಪವಾಸವನ್ನು.

ನಾನೂ ಹೀಗೆ ಬಾಗಿಲು ಹಾಕಿದವನೇ. ಮಲೆನಾಡಿನ ಒಂದು ಜೂನಿಯರ್ ಕಾಲೇಜಿನಲ್ಲಿದ್ದಾಗ ಮಳೆಗಾಲವಿಡೀ ಒಬ್ಬ ಹುಡುಗಿ ಕಾಲುಗಂಟೆ ತಡವಾಗಿ ಬರುತ್ತಿದ್ದಳು. ಕಾರಣ ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ಜಗುಲಿಯಲ್ಲಿ ನಿಲ್ಲಿಸಿದೆ, ಗೈರುಹಾಜರಿ ಹಾಕಿದೆ. ಮರುವರ್ಷ ಚುನಾವಣಾ ಕೆಲಸಕ್ಕೆ ಅವಳ ಊರಿಗೇ ಹೋಗಬೇಕಾಯಿತು. ಹಳ್ಳಕ್ಕೆ ಅಡಕೆ ಮರದ ಕಾಲುಸಂಕ. ನೀರು ಏರಿದರೆ ಇಳಿಯುವವರೆಗೆ ಕಾಯಬೇಕು. ಅಷ್ಟರಲ್ಲಿ ಮೊದಲ ಬಸ್ಸು ಹೋಗಿರುತ್ತದೆ. ಇದನ್ನು ತಿಳಿಯುವ ಹೊತ್ತಿಗೆ ಹಾಜರಿ ಸಾಲದೆ ಅವಳು ಓದು ಬಿಟ್ಟಾಗಿತ್ತು. ಅವಳು ಬಂದದ್ದು ಕಾಲುಗಂಟೆ ತಡ. ನಾನು ಹೋದದ್ದು ಒಂದು ವರ್ಷ ತಡ.

ಪಿಯುಸಿ ಪರೀಕ್ಷೆಗೆ ಶೇಕಡಾ 75 ಹಾಜರಿ ಬೇಕು. ಆ ನಿಯಮ ಮಕ್ಕಳು ತರಗತಿಗೆ ಬರಲಿ ಎಂದು ಇರುವುದು, ಬಂದವರನ್ನು ಬರಲಿಲ್ಲವೆಂದು ಬರೆಯುವುದಕ್ಕಲ್ಲ. ಜಗುಲಿಯಲ್ಲಿ ನಿಂತವಳ ಹೆಸರಿನ ಮುಂದೆ ಗೈರುಹಾಜರಿ ಹಾಕುವುದು ಸುಳ್ಳು ಲೆಕ್ಕ. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ, ನಿಜ, ಅದು ಒಳ್ಳೆಯದೇ. ಆದರೆ ಟಿಕೆಟ್ಟಿಲ್ಲವೆಂದ ಮಾತ್ರಕ್ಕೆ ಬಸ್ಸು ಬೇಗ ಬರುವುದಿಲ್ಲ. ಬಸ್ಸೇ ಇಲ್ಲದ ಊರಿಗೆ ಅದು ಬರುವುದೂ ಇಲ್ಲ.

‘ಹಾಗಾದರೆ ಕ್ಯಾಂಟೀನಿನಲ್ಲಿ ಹರಟೆ ಹೊಡೆದು ಬರುವವರನ್ನೂ ಆರತಿ ಎತ್ತಿ ಕರೆಯೋಣವೇ?’ ಎಂದು ಮಿತ್ರರು ಕೇಳುತ್ತಾರೆ. ಬೇಡ. ಅವರನ್ನೂ ಸದ್ದಿಲ್ಲದೆ ಒಳಗೆ ಬಿಟ್ಟು ಹಿಂದಿನ ಬೆಂಚಿನಲ್ಲಿ ಕೂರಿಸಿ. ಪಾಠ ಮುಗಿದ ಮೇಲೆ ಕರೆದು, ಎಲ್ಲರೆದುರಿಗಲ್ಲದೆ, ಕಾರಣ ಕೇಳಿ. ತಪ್ಪಿದ ಭಾಗವನ್ನು ಬರೆದು ತರಲು ಹೇಳಿ. ಹರಟೆಯವನಿಗೆ ಅದು ಸಾಕಷ್ಟು ಶಿಕ್ಷೆ. ಹಳ್ಳ ದಾಟಿ ಬಂದವಳಿಗೆ ಅದು ಪಾಠ. ಹದಿನಾಲ್ಕರೊಳಗಿನ ಮಕ್ಕಳಿಗಂತೂ ಹೊಡೆತವೂ ಮಾನಸಿಕ ಹಿಂಸೆಯೂ ಕೂಡದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳಿದೆ. ಹದಿನೈದು ತುಂಬಿದೊಡನೆ ಮಾನ ಹೋಗಿಬಿಡುತ್ತದೆಯೇ?

ಇನ್ನೊಂದು ಮಾತು. ಸ್ಟಾಫ್ ರೂಮಿನಲ್ಲಿ ಚಹಾ ಮುಗಿಸಿ ಐದು ನಿಮಿಷ ತಡವಾಗಿ ಬರುವ ನಮ್ಮನ್ನು ಯಾವ ವಿದ್ಯಾರ್ಥಿಯೂ ಬಾಗಿಲಲ್ಲಿ ತಡೆಯುವುದಿಲ್ಲ. ಎದ್ದು ನಿಂತು ನಮಸ್ಕಾರ ಹೇಳುತ್ತಾರೆ. ಅಷ್ಟು ದೊಡ್ಡತನ ಆ ಮಕ್ಕಳಲ್ಲಿದೆ. ನಮ್ಮಲ್ಲೂ ಇರಬಾರದೇ?